ಮೊದಲು ನೋಂದಣಿಗೆ ಒದಗುವ ಮನೆ, ಆಮೇಲೆ ವಿಮಾನ: ಸ್ಟುಟ್‌ಗಾರ್ಟ್‌ಗೆ ಹೋಗಿ ನೆಲೆಸಿದ ನನ್ನ ಅನುಭವ

ಕೈಯಲ್ಲಿ ನೇಮಕಾತಿ ಪತ್ರ, ಪಾಸ್‌ಪೋರ್ಟಿನಲ್ಲಿ ದೀರ್ಘಾವಧಿಯ ಡಿ ವೀಸಾ ಇದ್ದು, ಮನೆಯೊಂದೇ ಬಾಕಿ ಉಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲೇ ಕುಳಿತು, ಏಜೆಂಟರ ಹಂಗಿಲ್ಲದೆ, ಜರ್ಮನಿಯಲ್ಲಿ ಆನ್‌ಮೆಲ್ಡುಂಗ್‌ಗೆ, ಅಂದರೆ ವಾಸದ ವಿಳಾಸವನ್ನು ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸುವುದಕ್ಕೆ, ಒದಗುವ ಮನೆ ಹಿಡಿಯುವುದು ಆಗದ ಮಾತು ಎಂದು ಅಲ್ಲಿದ್ದ ಗೆಳೆಯರೆಲ್ಲ ಹೇಳಿದ್ದರು. ನನಗೆ ಆಯಿತು.

ಮೊದಲು ಹೋಟೆಲಿನಲ್ಲಿ ಇಳಿದು ನಿಧಾನವಾಗಿ ಹುಡುಕು ಎನ್ನುವುದು ಎಲ್ಲರ ಸಲಹೆ. ಆಗ ನಾನು ನೋಡಿದ ಹೋಟೆಲುಗಳು ರಾತ್ರಿಗೆ 90 ಯೂರೋ ಆಸುಪಾಸು ಕೇಳುತ್ತಿದ್ದವು. ಹಣಕ್ಕಿಂತ ದೊಡ್ಡ ತೊಡಕು ವಿಳಾಸದ್ದು: ಹೋಟೆಲಿನ ವಿಳಾಸ ಸಾಮಾನ್ಯವಾಗಿ ನೋಂದಣಿಗೆ ಒದಗುವುದಿಲ್ಲ. ನೋಂದಣಿ ಆಗದೆ ತೆರಿಗೆ ಸಂಖ್ಯೆ ಬರುವುದಿಲ್ಲ; ಆ ಸಂಖ್ಯೆ ಇಲ್ಲದೆ ಅತಿ ಹೆಚ್ಚು ಕಡಿತವಾಗುವ ಆರನೇ ವರ್ಗದ ತೆರಿಗೆ ಹಿಡಿದು, ನನ್ನ ಸಹೋದ್ಯೋಗಿಯೊಬ್ಬರ ಮೊದಲ ಸಂಬಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಏಜೆಂಟರೊಬ್ಬರು ಎಲ್ಲವನ್ನೂ ಮಾಡಿಕೊಡಲು ಎರಡು ಲಕ್ಷ ರೂಪಾಯಿಗಿಂತ ಹೆಚ್ಚು ಕೇಳಿದರು. ಕೊಡಲಿಲ್ಲ.

ಬಾಡಿಗೆ, ಬಡಾವಣೆ, ಕಚೇರಿಗೆ ದೂರ ಇವೆಲ್ಲವನ್ನೂ ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿದೆ: ನಾನು ನಿಮ್ಮ ಮನೆಯಲ್ಲಿ ವಾಸವಿದ್ದೇನೆ ಎಂದು ನೋಂದಣಿಗೆ ಬೇಕಾದ ದೃಢೀಕರಣ ಪತ್ರಕ್ಕೆ ಸಹಿ ಹಾಕುವಿರಾ? 2015ರ ನವೆಂಬರಿನಿಂದ ಅದನ್ನು ಕೊಡುವುದು ಮನೆಯ ಒಡೆಯರಿಗೆ ಕಾನೂನಿನಂತೆ ಕಡ್ಡಾಯ. ಆದರೂ ಅಲ್ಪಾವಧಿಗೆ ಕೊಡುವವರಲ್ಲಿ ಬಹಳ ಜನ ನುಣುಚಿಕೊಳ್ಳುತ್ತಾರೆ. ಎಪ್ಪತ್ತು ಎಂಬತ್ತು ಕಡೆಗೆ ಬರೆದಿರಬೇಕು, ಉತ್ತರ ಬಂದದ್ದು ಹತ್ತರಷ್ಟು. ಒಬ್ಬನಂತೂ ಮುಂಗಡ ಕಳುಹಿಸಿದರೆ ಬೀಗದ ಕೈಯನ್ನು ಅಂಚೆಯಲ್ಲಿ ಹಾಕುತ್ತೇನೆ ಎಂದ. ಅಂಥವರ ಜತೆ ಮಾತು ಮುಂದುವರಿಸಬೇಡಿ. ವಿಡಿಯೋ ಕರೆಯಲ್ಲಿ ಮನೆಯ ಬಾಗಿಲಿನಿಂದ ಬೀದಿಯವರೆಗೆ ನಡೆದು ತೋರಿಸುವಂತೆ ಕೇಳುತ್ತಿದ್ದೆ. ಸುಳ್ಳುಗಾರರು ಅಲ್ಲೇ ಜಾರಿಕೊಳ್ಳುತ್ತಾರೆ. ನನ್ನ ಪತ್ರದ ಮೊದಲ ಎರಡು ಸಾಲು ಜರ್ಮನ್‌ನಲ್ಲಿದ್ದವು. ಅವುಗಳಿಂದಲೇ ಉತ್ತರ ಬಂದದ್ದು ಎಂಬುದು ನನ್ನ ನಂಬಿಕೆ. ಅವನ್ನು ಇಲ್ಲಿ ಕೊಡುವುದಿಲ್ಲ. ಎಲ್ಲರೂ ಅದನ್ನೇ ಕಳುಹಿಸಿದರೆ ಅದರ ಬಲ ಹೋಗುತ್ತದೆ.

ಕೊನೆಗೆ ಎಸ್ಲಿಂಗೆನ್‌ನಲ್ಲಿ ಒಂದು ಕೋಣೆ ಸಿಕ್ಕಿತು. ತಿಂಗಳಿಗೆ 850 ಯೂರೋ ಇದ್ದಿರಬೇಕು, ಪೀಠೋಪಕರಣ ಸೇರಿ. ಎಸ್‌1 ಉಪನಗರ ರೈಲಿನಲ್ಲಿ ಸ್ಟುಟ್‌ಗಾರ್ಟ್ ಹತ್ತಿರವೇ. ಸಣ್ಣ ಊರಾದ್ದರಿಂದ ನೋಂದಣಿಗೆ ವಾರದೊಳಗೆ ಸಮಯ ಸಿಕ್ಕಿತು. ಮನೆ ಹೊಕ್ಕ ಮೇಲೆ ನೋಂದಣಿಗೆ ಇರುವ ಎರಡು ವಾರದ ಗಡುವು ದಾಟಲಿಲ್ಲ.

ಅಂಚೆ ಡಬ್ಬಿಯ ವಿಷಯ ಯಾರೂ ಹೇಳುವುದಿಲ್ಲ. ಡಬ್ಬಿಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ತೆರಿಗೆ ಸಂಖ್ಯೆಯ ಪತ್ರ ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗುತ್ತದೆ. ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ, ಇಲ್ಲವೇ ತಂದೆಯ ಹೆಸರೋ ಊರಿನ ಹೆಸರೋ ಅಲ್ಲಿ ಕುಳಿತಿರುತ್ತದೆ. ಪಾಸ್‌ಪೋರ್ಟಿನಲ್ಲಿದ್ದ ಎರಡೂ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು, ಬಂದ ದಿನವೇ ಡಬ್ಬಿಗೂ ಕರೆಗಂಟೆಗೂ ಅಂಟಿಸಿದೆ. ಮೂರನೇ ವಾರದ ಹೊತ್ತಿಗೆ ಪತ್ರ ಬಂತು, ಮೊದಲ ಸಂಬಳ ಸರಿಯಾಗಿ ಬಂತು.

ನಡುವೆ ಅಡುಗೆಯ ಪ್ರಯೋಗವೂ ನಡೆಯಿತು. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿಯಲು ಹೀಟರ್ ಪಕ್ಕಕ್ಕಿಂತ ದೀಪ ಹಾಕಿಟ್ಟ ಓವನ್ ಒಳ್ಳೆಯದು. ಹಾಲಿನ ಪದಾರ್ಥಗಳನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ತುಪ್ಪ ತರಬೇಡಿ. ಅಲ್ಲಿಯ ಬೆಣ್ಣೆ ಕಾಯಿಸಿದರೆ ನಂದಿನಿ ತುಪ್ಪದ ಹತ್ತಿರಕ್ಕೆ ಬರುತ್ತದೆ.

ಆರೇಳು ತಿಂಗಳಿಗೆ ದೊಡ್ಡ ಮನೆ ಹಿಡಿದು ಹೆಂಡತಿ, ಮಗಳನ್ನು ಕರೆಸಿಕೊಂಡೆ. ಠೇವಣಿ ಮೂರು ತಿಂಗಳ ಬಾಡಿಗೆ. ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕಿದೆ, ಹಾಗೆಯೇ ಕಟ್ಟಿದೆ. ಹಳೆಯ ಬಾಡಿಗೆದಾರರು ತಮ್ಮ ಸಾಮಾನು ಬಿಚ್ಚಿಕೊಂಡು ಹೋದರೆ ಅಡುಗೆಮನೆಯಲ್ಲಿ ಗೋಡೆ, ನೀರಿನ ಕೊಳವೆ ಬಿಟ್ಟರೆ ಏನೂ ಉಳಿಯುತ್ತಿರಲಿಲ್ಲ. ಬಿಟ್ಟುಹೋಗುತ್ತಿದ್ದವರ ಕಪಾಟು, ಒಲೆ, ಸಿಂಕ್ ಎಲ್ಲವನ್ನೂ ಅವರು ಬಿಚ್ಚುವ ಮೊದಲೇ ಸುಮಾರು 700 ಯೂರೋಗೆ ಮಾತಾಡಿಕೊಂಡೆ.