ಮಗು ಮನೆಬಿಟ್ಟಾಗ, ಮಗುವಿಗಾಗಿ ವ್ಯಾಜ್ಯವಾದಾಗ: ಅಮೆರಿಕದಲ್ಲಿ ಪೊಲೀಸರನ್ನು ಯಾವಾಗ ಕರೆಯಬೇಕು

ದಾವಣಗೆರೆಯ ಮಂಡಿಪೇಟೆಯಲ್ಲಿ ನಾನು ಬೆಳೆದ ಕಾಲದಲ್ಲಿ ಹುಡುಗನೊಬ್ಬ ಮುನಿಸಿಕೊಂಡು ಮನೆಬಿಟ್ಟರೆ ದೊಡ್ಡಪ್ಪ ರೈಲು ನಿಲ್ದಾಣಕ್ಕೆ, ಚಿಕ್ಕಪ್ಪ ಬಸ್ ನಿಲ್ದಾಣಕ್ಕೆ ಓಡುತ್ತಿದ್ದರು. ಹರಿಹರದ ಅತ್ತೆಯ ಮನೆಗೂ ಚಿತ್ರದುರ್ಗದ ಚಿಕ್ಕಮ್ಮನ ಮನೆಗೂ ಸುದ್ದಿ ಹೋಗುತ್ತಿತ್ತು. ಠಾಣೆಯ ಮೆಟ್ಟಿಲು ಹತ್ತಿದರೆ ಮಾತ್ರ ಮನೆತನದ ಮರ್ಯಾದೆ ಹೋಯಿತೆಂದೇ ಎಲ್ಲರ ನಂಬಿಕೆ. ಆ ನಂಬಿಕೆಯನ್ನು ನಾನು ನ್ಯೂಜೆರ್ಸಿಗೂ ಹೊತ್ತು ತಂದೆ.

ಒಂದು ಶನಿವಾರ ರಾತ್ರಿ ಒಂಬತ್ತಕ್ಕೆ, 15 ವರ್ಷದ ನನ್ನ ಮಗಳು ನನ್ನ ಬೈಗುಳ ತಾಳಲಾರದೆ ಹೊರಟುಹೋದಳು. ಅವಳ ಫೋನು ಹಾಸಿಗೆಯ ಮೇಲೆಯೇ ಬಿದ್ದಿತ್ತು. ನಾನು ಊರಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. ಪರಿಚಯದ ಕನ್ನಡದ ಮನೆಗಳಿಗೆಲ್ಲ ಮಾಡಿ, ವಿಷಯ ಬಾಯಿಬಿಡದೆ, ಮಗಳ ಪುಸ್ತಕವೊಂದು ನಿಮ್ಮಲ್ಲಿ ಉಳಿದಿದೆಯೇ ಎಂದು ವಿಚಾರಿಸಿದೆ. ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡುವ ಹೊತ್ತಿಗೆ ರಾತ್ರಿ ಎರಡಾಗಿತ್ತು. ಬಂದ ಅಧಿಕಾರಿ, ಅವಳು ಯಾವ ಬಣ್ಣದ ಬಟ್ಟೆ ತೊಟ್ಟಿದ್ದಳೆಂದು ಕೇಳಿದರು. ಅರ್ಧ ಗಂಟೆ ಎದುರಿಗೆ ನಿಲ್ಲಿಸಿಕೊಂಡು ಬೈದಿದ್ದ ನನಗೆ ಅದು ಗೊತ್ತಿರಲಿಲ್ಲ.

ಇಪ್ಪತ್ತನಾಲ್ಕು ಗಂಟೆ ಕಾದ ಮೇಲೆಯೇ ದೂರು ಕೊಡಬೇಕೆಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. 1990ರ ಫೆಡರಲ್ ಕಾನೂನಿನ ಪ್ರಕಾರ ಮಗು ಕಾಣೆಯಾದ ದೂರನ್ನು ಪೊಲೀಸರು ತಡಮಾಡದೆ ತೆಗೆದುಕೊಳ್ಳಬೇಕು. 2006ರ ಕಾನೂನಿನಂತೆ ಎರಡು ಗಂಟೆಯೊಳಗೆ ವಿವರವನ್ನು ರಾಷ್ಟ್ರೀಯ ದಾಖಲೆಗೆ ಸೇರಿಸಬೇಕು. ತಾನಾಗಿಯೇ ಮನೆಬಿಟ್ಟ ಮಗುವೂ ಕಾಣೆಯಾದ ಮಗುವೇ. ಬಹುತೇಕ ರಾಜ್ಯಗಳಲ್ಲಿ ಮನೆಬಿಡುವುದು ಅಪರಾಧವಲ್ಲ, ಆದ್ದರಿಂದ ಪೊಲೀಸರು ಬರುವುದು ಮಗುವನ್ನು ಹುಡುಕಲು. 1-800-786-2929 ಮನೆಬಿಟ್ಟ ಮಕ್ಕಳ ಸಹಾಯವಾಣಿ. ಪೋಷಕರೂ ಕರೆ ಮಾಡಬಹುದು.

ಬೆಳಗಿನ ಜಾವ ಮಗಳು ಗೆಳತಿಯ ಮನೆಯಲ್ಲಿ ಸಿಕ್ಕಳು. ಅಧಿಕಾರಿ ಅವಳೊಬ್ಬಳನ್ನೇ ಕೂರಿಸಿಕೊಂಡು, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ ಎಂದು ಕೇಳಿದರು. ಆಗ ನನಗೆ ಅವಮಾನವೆನಿಸಿತು. ಹೆತ್ತವರ ಎದುರು ಮಗು ಆ ಮಾತು ಹೇಳಲಾರದೆಂಬುದು ಈಗ ಅರ್ಥವಾಗುತ್ತದೆ. ಮಗು ಹೌದೆಂದರೆ ವಿಷಯ ಮಕ್ಕಳ ರಕ್ಷಣಾ ಇಲಾಖೆಗೆ ಹೋಗುತ್ತದೆ. ಕಾರಿನಲ್ಲಿ ಮಗಳು ಕೇಳಿದ್ದು ಒಂದೇ ಮಾತು: "ಅಪ್ಪಾಜಿ, ಪೊಲೀಸರಿಗೆ ಎಷ್ಟು ಹೊತ್ತಿಗೆ ಹೇಳಿದ್ರಿ?"

ಗಂಡಹೆಂಡಿರು ಬೇರೆಯಾದಾಗಿನ ಮಾತು ಬೇರೆ. ಕೋರ್ಟಿನ ಆದೇಶವಿಲ್ಲದಿದ್ದರೆ ಮಗುವಿನ ಮೇಲೆ ಇಬ್ಬರಿಗೂ ಸಾಮಾನ್ಯವಾಗಿ ಸಮಾನ ಹಕ್ಕಿರುತ್ತದೆ. ಹೀಗಾಗಿ ಪೊಲೀಸರು ಬಂದರೂ ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ ಎನ್ನುವುದೇ ಹೆಚ್ಚು. ಆದೇಶವಿದ್ದು, ಭಾನುವಾರ ಸಂಜೆ ಒಪ್ಪಿಸಬೇಕಾದ ಮಗುವನ್ನು ಒಪ್ಪಿಸದಿದ್ದರೆ ಅದರ ದೃಢೀಕೃತ ಪ್ರತಿಯನ್ನು ತೋರಿಸಿ. ಕೆಲವೆಡೆ ಅವರೇ ಮಗುವನ್ನು ಕೊಡಿಸುತ್ತಾರೆ, ಕೆಲವೆಡೆ ವರದಿ ಬರೆದು ಕೊಡುತ್ತಾರೆ. ಮಗುವನ್ನು ಬಚ್ಚಿಟ್ಟರೆ ಹಲವು ರಾಜ್ಯಗಳಲ್ಲಿ ಅಪರಾಧ. ಮಗುವಿಗೆ ಅಪಾಯವಿದೆಯೆಂದರೆ ಆದೇಶ ಇರಲಿ, ಬಿಡಲಿ, 911ಕ್ಕೆ ಕರೆ ಮಾಡಿ.

ಇಲ್ಲಿಯೂ ನಾನು ತಪ್ಪು ಮಾಡಿದೆ. ಚಿತ್ರದುರ್ಗದ ಚಿಕ್ಕಮ್ಮನ ಮಗಳು, ಟೆಕ್ಸಾಸಿನಲ್ಲಿದ್ದವಳು, ಗಂಡನ ಹೊಡೆತ ತಾಳಲಾರದೆ ಫೋನ್ ಮಾಡಿ ಅತ್ತಾಗ, "ಮಗುವನ್ನು ಕರೆದುಕೊಂಡು ತವರಿಗೆ ಹೋಗವ್ವ, ಮುಂದಿನದನ್ನು ಹಿರಿಯರು ನೋಡಿಕೊಳ್ತಾರೆ" ಎಂದುಬಿಟ್ಟೆ. ಅವಳು ಹೋದಳು. ಮಗು ಅದಕ್ಕೂ ಮೊದಲು ಆರು ತಿಂಗಳಿಗಿಂತ ಹೆಚ್ಚು ಕಾಲ ಟೆಕ್ಸಾಸಿನಲ್ಲೇ ಬೆಳೆದಿದ್ದರಿಂದ ತೀರ್ಮಾನದ ಅಧಿಕಾರ ಅಲ್ಲಿನ ಕೋರ್ಟಿಗಿತ್ತು. ಮಗು ತಂದೆಗೆ ಸೇರಬೇಕೆಂದು ಆದೇಶವಾಯಿತು. ಇನ್ನೊಬ್ಬ ಪೋಷಕರ ಹಕ್ಕಿಗೆ ಅಡ್ಡಿಯಾಗುವಂತೆ ಮಗುವನ್ನು ದೇಶದಾಚೆ ಒಯ್ದರೆ ಅಮೆರಿಕದ 1993ರ ಕಾನೂನಿನಡಿ ಮೂರು ವರ್ಷದವರೆಗೆ ಸೆರೆಯಾಗಬಹುದು. ಹೊಡೆತಕ್ಕೆ ಹೆದರಿ ಓಡಿಬಂದೆನೆಂಬುದು ಆ ಕಾನೂನಿನಲ್ಲಿ ಒಪ್ಪುವ ಸಮರ್ಥನೆಯೇ, ಆದರೆ ಅದನ್ನು ಸಾಬೀತುಪಡಿಸಲು ಅವಳ ಕೈಯಲ್ಲಿ ಒಂದು ದೂರಿನ ಪ್ರತಿಯೂ ಇರಲಿಲ್ಲ. ಹೀಗೆ ದೇಶದಾಚೆ ಒಯ್ದ ಮಕ್ಕಳನ್ನು ಮರಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹೀಗಾಗಿ ತಂದೆಯೂ ಭಾರತದ ಕೋರ್ಟಿನಲ್ಲಿ ಮೊದಲಿನಿಂದ ಹೋರಾಡಬೇಕಾಯಿತು. ಮೂರು ವರ್ಷದವನಿದ್ದಾಗ ಊರಿಗೆ ಹೋದ ಹುಡುಗನಿಗೆ ಈಗ ಒಂಬತ್ತು. ಅಜ್ಜಿಯ ಮಡಿಲು ಸಿಕ್ಕಿತು, ನಿಜ. ತಂದೆಯನ್ನು ಅವನು ಫೋನಿನ ಪರದೆಯಲ್ಲಿ ಮಾತ್ರ ಬಲ್ಲ.

ಮಗುವಿನ ಅಮೆರಿಕದ ಪಾಸ್‌ಪೋರ್ಟಿನ ಮಾತು ಇಷ್ಟೇ: 16ರೊಳಗಿನ ಮಗುವಿಗೆ ಅದನ್ನು ಮಾಡಿಸಲು ಸಾಮಾನ್ಯವಾಗಿ ತಂದೆತಾಯಿ ಇಬ್ಬರ ಒಪ್ಪಿಗೆಯೂ ಬೇಕು.

ಚಿಕ್ಕಮ್ಮನ ಮಗಳು ಇಂದು ಫೋನ್ ಮಾಡಿದ್ದರೆ, ಮೊದಲು 911ಕ್ಕೆ ಹೇಳು, ಹೊಡೆತದ ಗುರುತಿನ ಫೋಟೋ ತೆಗೆದಿಡು, ಕೋರ್ಟಿನಿಂದ ರಕ್ಷಣಾ ಆದೇಶ ಪಡೆದು ಅದರಲ್ಲಿಯೇ ಮಗುವಿನ ತಾತ್ಕಾಲಿಕ ಪಾಲನೆಯನ್ನೂ ಕೇಳಿಕೋ, ಅಲ್ಲಿಯವರೆಗೆ ನಮ್ಮ ಮನೆಯ ಮೇಲಿನ ಕೋಣೆ ಖಾಲಿಯಿದೆ ಎನ್ನುತ್ತಿದ್ದೆ.