ಅಳದ ಮಗುವಿನ ಹಿಮ್ಮಡಿ

ನವಜಾತ ಶಿಶು ಘಟಕದ ನರ್ಸ್ ಎಂದರೆ ಹಸುಗೂಸುಗಳನ್ನು ಎತ್ತಿ ಮುದ್ದಾಡುವವಳು ಎಂದು ನನ್ನ ನೆಂಟರೆಲ್ಲ ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ನಾವು ಚುಚ್ಚುವವರು. ರಕ್ತದ ಸಕ್ಕರೆ ನೋಡಲು ಹಿಮ್ಮಡಿಗೆ ಚುಚ್ಚಬೇಕು, ಕಾಮಾಲೆ ಎಷ್ಟಿದೆ ಎಂದು ತಿಳಿಯಲು ಚುಚ್ಚಬೇಕು, ಸೋಂಕಿನ ಅನುಮಾನ ಬಂದರೆ ರಕ್ತನಾಳ ಹುಡುಕಬೇಕು, ಕ್ಯಾನುಲಾ ಹಾಕಿದ ಕೈ ಊದಿಕೊಂಡರೆ ಅದನ್ನು ತೆಗೆದು ಇನ್ನೊಂದು ಕೈಗೆ ಹಾಕಬೇಕು. ನಾನು ಈ ಕೆಲಸ ಮಾಡುವುದು ಹಾಸನದ ಒಂದು ಆಸ್ಪತ್ರೆಯಲ್ಲಿ. ಸಕಲೇಶಪುರದ ಕಾಫಿ ತೋಟದ ಲೈನ್ ಮನೆಗಳಿಂದ, ಆಲೂರು, ಬೇಲೂರು, ಅರಕಲಗೂಡು ಕಡೆಯಿಂದ ತಿಂಗಳು ತುಂಬದೆ ಹುಟ್ಟಿದ ಮಕ್ಕಳು ನಮ್ಮಲ್ಲಿಗೆ ಬರುತ್ತವೆ. ಇರುವಷ್ಟು ದಿನವೂ ಅವುಗಳ ಹಿಮ್ಮಡಿಯ ಮೇಲೆ ನಮ್ಮ ಲ್ಯಾನ್ಸೆಟ್ಟಿನ ಗುರುತು ಇದ್ದೇ ಇರುತ್ತದೆ.

ನಾನು ಕೆಲಸ ಕಲಿಯುವಾಗ ಹಿರಿಯರು ಹೇಳುತ್ತಿದ್ದ ಮಾತು ಒಂದೇ: ಇಷ್ಟು ಚಿಕ್ಕದಕ್ಕೆ ಏನು ಗೊತ್ತಾಗುತ್ತದೆ. ಅದಕ್ಕೆ ಸಾಕ್ಷಿಯೂ ಕಣ್ಣೆದುರೇ ಇತ್ತು. ತಿಂಗಳು ತುಂಬಿದ ಮಗು ಚುಚ್ಚಿದ ಕೂಡಲೇ ವಾರ್ಡ್ ಎದ್ದು ಕೂರುವಂತೆ ಅಳುತ್ತದೆ. ಏಳು ತಿಂಗಳಿಗೇ ಹುಟ್ಟಿದ ಮಗು ಹುಬ್ಬು ಗಂಟಿಕ್ಕಿ, ಕಣ್ಣು ಬಿಗಿದು, ಬಾಯಿ ತೆರೆದು ಸುಮ್ಮನಾಗುತ್ತದೆ. ದನಿ ಇಲ್ಲ. ದನಿ ಇಲ್ಲದ್ದನ್ನು ನಾವು ನೋವಿಲ್ಲ ಎಂದು ಓದಿಕೊಳ್ಳುತ್ತಿದ್ದೆವು.

ಈ ಓದು ಹಾಸನದ್ದಷ್ಟೇ ಅಲ್ಲ. 1980ರ ದಶಕದವರೆಗೂ ಪಾಶ್ಚಾತ್ಯ ದೇಶಗಳ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಸ್ನಾಯು ಸಡಿಲಿಸುವ ಔಷಧ ಕೊಟ್ಟು, ನೋವು ನಿವಾರಕವನ್ನು ಅತಿ ಕಡಿಮೆ ಕೊಟ್ಟು ಅಥವಾ ಕೊಡದೆಯೇ ಶಸ್ತ್ರಚಿಕಿತ್ಸೆ ಮಾಡಿದ್ದಾರೆ. ಕೊಟ್ಟ ಕಾರಣ ಎರಡು. ಅರಿವಳಿಕೆಯೇ ಮಗುವನ್ನು ಕೊಂದೀತು ಎಂಬ ಭಯ ಮೊದಲನೆಯದು. ಅದರಲ್ಲಿ ಸ್ವಲ್ಪ ಹುರುಳಿತ್ತು. ಎರಡನೆಯದು, ಮಗುವಿನ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಪೂರ್ತಿ ಬಂದಿರುವುದಿಲ್ಲ, ಆದ್ದರಿಂದ ನೋವು ಮಿದುಳಿಗೆ ತಲುಪದು ಎಂಬ ವಾದ. ಇದರಲ್ಲಿ ಹುರುಳಿಲ್ಲ. ದೊಡ್ಡವರಲ್ಲೂ ಉರಿಯುವ, ಬಹಳ ಹೊತ್ತು ಉಳಿಯುವ ನೋವನ್ನು ಒಯ್ಯುವ ಸಿ ತಂತುಗಳಿಗೆ ಮಯಲಿನ್ ಇರುವುದೇ ಇಲ್ಲ. ಭಾರತದಲ್ಲಿ ವೈದ್ಯ ಪದವಿ ಪಡೆದು ಆಕ್ಸ್‌ಫರ್ಡ್‌ಗೆ ಹೋಗಿದ್ದ ಕೆ.ಜೆ.ಎಸ್. ಆನಂದ್ 1987ರಲ್ಲಿ ಪ್ರಕಟಿಸಿದ ಅಧ್ಯಯನವು, ಹೃದಯದ ಬಳಿಯ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಒಳಗಾದ ಅವಧಿಪೂರ್ವ ಶಿಶುಗಳಿಗೆ ಫೆಂಟನಿಲ್ ಎಂಬ ನೋವು ನಿವಾರಕವನ್ನು ಸೇರಿಸಿ ಕೊಟ್ಟಾಗ ದೇಹದ ಒತ್ತಡದ ಹಾರ್ಮೋನುಗಳು ಕಡಿಮೆಯಾದವು, ತೊಡಕುಗಳೂ ಕಡಿಮೆಯಾದವು ಎಂದು ತೋರಿಸಿತು. ಅಲ್ಲಿಂದ ಶಸ್ತ್ರಚಿಕಿತ್ಸೆಯ ಕೋಣೆ ಬದಲಾಯಿತು. ಹಿಮ್ಮಡಿ ಚುಚ್ಚುವ ನನ್ನಂಥವರ ಕೈ ಬದಲಾಗಲು ಇನ್ನೊಬ್ಬರ ಕೆಲಸ ಬೇಕಾಯಿತು.

ಅವರ ಹೆಸರು ಮರಿಯಾ ಫಿಟ್ಸ್‌ಜೆರಾಲ್ಡ್. ನಮ್ಮ ಮಕ್ಕಳ ವೈದ್ಯರು ಒಮ್ಮೆ ರಾತ್ರಿ ಪಾಳಿಯಲ್ಲಿ, ನಾನು ಕೇಳಿದ ಪ್ರಶ್ನೆಗೆ ಉತ್ತರ ಹೇಳುವ ಬದಲು, ಅವರ ಲೇಖನವೊಂದರ ಮುದ್ರಿತ ಪ್ರತಿ ಕೈಗಿಟ್ಟರು. ಅರ್ಥವಾಗುವುದಕ್ಕೆ ಬಹಳ ಸಮಯ ಹಿಡಿಯಿತು. ಫಿಟ್ಸ್‌ಜೆರಾಲ್ಡ್ ಹುಟ್ಟಿದ್ದು 1953ರಲ್ಲಿ. ತಾಯಿ ಹೆಸರಾಂತ ಕಾದಂಬರಿಕಾರ್ತಿ. ಆಕ್ಸ್‌ಫರ್ಡ್‌ನಲ್ಲಿ ಶರೀರಕ್ರಿಯಾ ವಿಜ್ಞಾನ ಓದಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪಿಎಚ್‌.ಡಿ. ಮಾಡಿ, ಅಲ್ಲೇ ಪ್ಯಾಟ್ರಿಕ್ ವಾಲ್ ಅವರ ಜೊತೆ ಕೆಲಸಕ್ಕೆ ಸೇರಿದರು. ಈ ವಾಲ್, ರೊನಾಲ್ಡ್ ಮೆಲ್ಜಾಕ್ ಜೊತೆಗೂಡಿ 1965ರಲ್ಲಿ, ನೋವಿನ ಸಂದೇಶವನ್ನು ಬಿಡಬೇಕೋ ತಡೆಯಬೇಕೋ ಎಂದು ಮಿದುಳುಬಳ್ಳಿಯಲ್ಲೇ ನಿರ್ಧಾರವಾಗುತ್ತದೆ ಎಂಬ ದ್ವಾರ ಸಿದ್ಧಾಂತವನ್ನು ಮಂಡಿಸಿದವರು. ಅಂಥ ದೊಡ್ಡ ಮನುಷ್ಯರ ಪಕ್ಕದಲ್ಲಿದ್ದು ಫಿಟ್ಸ್‌ಜೆರಾಲ್ಡ್ ಯಾರೂ ಹೆಚ್ಚಾಗಿ ಕೇಳದಿದ್ದ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಆ ದ್ವಾರ ಹುಟ್ಟುವಾಗ ಹೇಗಿರುತ್ತದೆ?

ಇಲಿಮರಿಗಳಲ್ಲಿ ಅವರು ಕಂಡದ್ದು ನನ್ನ ಹಿರಿಯರ ಮಾತಿಗೆ ತೀರಾ ಉಲ್ಟಾ. ಹುಟ್ಟಿದ ಹೊಸತರಲ್ಲಿ ಮಿದುಳುಬಳ್ಳಿಯ ಒಂದೊಂದು ನರಕೋಶವೂ ಚರ್ಮದ ದೊಡ್ಡ ಪ್ರದೇಶದಿಂದ ಸುದ್ದಿ ಪಡೆಯುತ್ತದೆ. ಮಿದುಳಿನಿಂದ ಕೆಳಗಿಳಿದು ನೋವನ್ನು ತಗ್ಗಿಸುವ ವ್ಯವಸ್ಥೆ ಇನ್ನೂ ಕೆಲಸ ಆರಂಭಿಸಿರುವುದಿಲ್ಲ. ಅಂದರೆ ಎಳೆಯ ನರವ್ಯೂಹಕ್ಕೆ ನೋವು ಕಡಿಮೆ ಅಲ್ಲ. ಅದನ್ನು ತಡೆಯುವ ಶಕ್ತಿ ಕಡಿಮೆ. ಗದ್ದೆಗೆ ನೀರು ಬಂದಿದೆ, ತೂಬು ಇನ್ನೂ ಕಟ್ಟಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಪ್ರಯೋಗಾಲಯ ಬಿಟ್ಟು ಶಿಶು ಘಟಕಕ್ಕೆ ಬಂದು, ವೈದ್ಯರೊಂದಿಗೆ ಸೇರಿ ಮಾಡಿದ ಕೆಲಸ. ಗೊತ್ತಾದ ಒತ್ತಡಕ್ಕೆ ಬಾಗುವ ನೈಲಾನ್ ಎಳೆಗಳನ್ನು ಒಂದೊಂದಾಗಿ ಅಂಗಾಲಿಗೆ ಒತ್ತಿ, ಯಾವ ಎಳೆಗೆ ಮಗು ಕಾಲು ಎಳೆದುಕೊಳ್ಳುತ್ತದೆ ಎಂದು ಬರೆದುಕೊಂಡರು. ಮಗು ಎಷ್ಟು ಮುಂಚೆ ಹುಟ್ಟಿದೆಯೋ ಅಷ್ಟು ತೆಳುವಾದ ಎಳೆಗೇ ಕಾಲು ಎಳೆಯಿತು. 1989ರ ಲೇಖನದಲ್ಲಿ ಅದೇ ಮಗುವಿನ ಎರಡು ಹಿಮ್ಮಡಿಗಳನ್ನು ಹೋಲಿಸಿದ್ದಾರೆ, ಒಂದು ಮತ್ತೆ ಮತ್ತೆ ಚುಚ್ಚಿಸಿಕೊಂಡದ್ದು, ಇನ್ನೊಂದು ಚುಚ್ಚದೆ ಬಿಟ್ಟದ್ದು. ಚುಚ್ಚಿದ ಹಿಮ್ಮಡಿಗೆ ಅರ್ಧದಷ್ಟು ಒತ್ತಡವೇ ಸಾಕಾಯಿತು. ಅಲ್ಲಿಗೆ ಮರಗಟ್ಟಿಸುವ ಮುಲಾಮು ಹಚ್ಚುತ್ತಾ ಬಂದಾಗ ಆ ಅತಿಸೂಕ್ಷ್ಮತೆ ಇಳಿಯಿತು. ಇದರಲ್ಲಿ ಕನಿಕರದ ಮಾತು ಒಂದೂ ಇಲ್ಲ, ಬರಿಯ ಅಳತೆ. ನಮ್ಮ ಕಸುಬಿನಲ್ಲಿ ಕನಿಕರಕ್ಕೆ ಕೊರತೆಯಿಲ್ಲ, ಅಳತೆಗೇ ಇರುವುದು. ನಾನು ಮರಿಯಾ ಫಿಟ್ಸ್‌ಜೆರಾಲ್ಡ್ ಅವರನ್ನು ಮೆಚ್ಚಿಕೊಂಡದ್ದು ಈ ಕಾರಣಕ್ಕೆ. ಅವರನ್ನು 2016ರಲ್ಲಿ ರಾಯಲ್ ಸೊಸೈಟಿಗೆ ಆರಿಸಿದ್ದು ನನಗೆ ಆಮೇಲೆ ತಿಳಿದ ಸಂಗತಿ.

ಓದಿದ ಮೇಲೆ ಘಟಕದಲ್ಲಿ ಮೊದಲು ಬದಲಿಸಿದ್ದು ಬಹಳ ಚಿಕ್ಕ ವಿಷಯ. ಆಮ್ಲಜನಕದ ಪ್ರಮಾಣ ತೋರಿಸುವ ಪ್ರೋಬನ್ನು ನಾವು ಕೈಗೆ ಸಿಕ್ಕಿದ ಕಾಲಿಗೆ ಸುತ್ತುತ್ತಿದ್ದೆವು. ಚುಚ್ಚಿದ ಕಾಲಿಗೆ ಬರಿಯ ಮುಟ್ಟುವಿಕೆಯೂ ನೋವಾಗಬಹುದಾದರೆ, ಅದೇ ಕಾಲಿಗೆ ಪ್ರೋಬ್ ಸುತ್ತಿ ಟೇಪ್ ಹಚ್ಚಿ, ಪಾಳಿ ಬದಲಾದಾಗ ಟೇಪ್ ಕೀಳುವುದು ಏಕೆ? ಪ್ರೋಬ್ ಇನ್ನೊಂದು ಕಾಲಿಗೆ ಅಥವಾ ಕೈಗೆ ಹೋಯಿತು. ಯಾವ ಹಿಮ್ಮಡಿಗೆ, ಯಾವ ಬದಿಗೆ ಚುಚ್ಚಿದೆ ಎಂದು ಚಾರ್ಟಿನಲ್ಲಿ ಬರೆಯುವ ರೂಢಿ ಬಂತು. ಚುಚ್ಚುವುದು ಹಿಮ್ಮಡಿಯ ಅಂಗಾಲಿನ ಕಡೆಯ ಎರಡು ಅಂಚುಗಳಿಗೆ ಮಾತ್ರ; ಹಿಂಭಾಗದ ತಿರುವಿನಲ್ಲಿ ಚರ್ಮಕ್ಕೂ ಮೂಳೆಗೂ ಅಂತರ ತೀರಾ ಕಡಿಮೆ.

ಎರಡನೆಯದು ಅಂಕ ಹಾಕುವುದು. ಬಾನಿ ಸ್ಟೀವನ್ಸ್ ಎಂಬ ಕೆನಡಾದ ನರ್ಸ್ ಸಂಶೋಧಕಿ ಮತ್ತು ಅವರ ಸಂಗಡಿಗರು 1996ರಲ್ಲಿ ಅವಧಿಪೂರ್ವ ಶಿಶುಗಳಿಗೆಂದೇ ರೂಪಿಸಿದ ಪಿಐಪಿಪಿ ಎಂಬ ಅಳತೆಪಟ್ಟಿ ಇದೆ. ಹುಬ್ಬಿನ ಗಂಟು, ಬಿಗಿದ ಕಣ್ಣು, ಮೂಗಿನ ಪಕ್ಕದ ಗೆರೆ, ಹೃದಯ ಬಡಿತ, ಆಮ್ಲಜನಕ, ಮಗು ಎಚ್ಚರವಿದೆಯೋ ನಿದ್ದೆಯಲ್ಲಿದೆಯೋ ಎಂಬುದು, ಎಷ್ಟು ವಾರಕ್ಕೆ ಹುಟ್ಟಿದ್ದು ಎಂಬುದು, ಎಲ್ಲ ಸೇರಿ 21 ಅಂಕ. ಇದರಲ್ಲಿ ಅಳುವಿಗೆ ಅಂಕವೇ ಇಲ್ಲ. 28 ವಾರ ತುಂಬುವ ಮುಂಚೆ ಹುಟ್ಟಿದ ಮಗುವಿಗೆ ಮೊದಲೇ 3 ಅಂಕ ಸೇರಿಸಬೇಕು, ಏಕೆಂದರೆ ಅದಕ್ಕೆ ನೋವು ತೋರಿಸುವ ತ್ರಾಣ ಇರುವುದಿಲ್ಲ. ಅಳದ ಮಗುವಿನ ಪರವಾಗಿ ಕಾಗದವೊಂದು ಮಾತಾಡುವುದನ್ನು ನಾನು ಕಂಡದ್ದು ಅದೇ ಮೊದಲು. ಕೆಲಸದ ಒತ್ತಡದಲ್ಲಿ ಪ್ರತಿ ಸಲ ಅಂಕ ಹಾಕಲು ಆಗುವುದಿಲ್ಲ, ನಿಜ. ಆದರೂ ಅಭ್ಯಾಸವಾದ ಕಣ್ಣು ಚಾರ್ಟ್ ಇಲ್ಲದೆಯೂ ಹುಬ್ಬನ್ನು ನೋಡುತ್ತದೆ.

ಇನ್ನು ಸಿಹಿಯ ವಿಷಯ. ಚುಚ್ಚುವ ಸುಮಾರು ಎರಡು ನಿಮಿಷ ಮೊದಲು ನಾಲಿಗೆಯ ಮೇಲೆ ಶೇ 24ರ ಸಕ್ಕರೆ ದ್ರಾವಣದ ಕೆಲವು ಹನಿ ಹಾಕುವುದು ಹಲವು ದೇಶಗಳ ರೂಢಿ. ನಮ್ಮಲ್ಲಿ ಸುಲಭವಾಗಿ ಸಿಗುವುದು ಶೇ 25ರ ಡೆಕ್ಸ್‌ಟ್ರೋಸ್, ವೈದ್ಯರ ಸೂಚನೆಯ ಮೇರೆಗೆ ಅದನ್ನೇ ಬಳಸುತ್ತೇವೆ. ಇದನ್ನು ಕಂಡ ಅರಕಲಗೂಡು ಕಡೆಯ ಅಜ್ಜಿಯೊಬ್ಬರು ನನ್ನನ್ನು ಹಿಡಿದುಕೊಂಡರು: "ಅಲ್ಲ ಕಣಮ್ಮ, ಹುಟ್ಟಿದ ಮಗುವಿಗೆ ಒಂದು ಹನಿ ಜೇನು ನೆಕ್ಕಿಸಿದ್ದಕ್ಕೆ ನೆನ್ನೆ ನನ್ನನ್ನು ಬೈದೆಯಲ್ಲ, ಇವತ್ತು ನೀನೇ ಸಕ್ಕರೆ ನೀರು ಹಾಕುತ್ತಿದ್ದೀಯಲ್ಲ!" ವಾದ ಸರಿಯಾಗಿಯೇ ಇತ್ತು. ಜೇನಿನಲ್ಲಿ ಎಳೆಗೂಸಿಗೆ ಬೊಟುಲಿಸಂ ತರುವ ಬೀಜಾಣು ಇರಬಹುದು, ಇದು ಶುದ್ಧೀಕರಿಸಿದ್ದು, ಅಳತೆಯದ್ದು, ಹಾಲಿನ ಬದಲಿಗೆ ಅಲ್ಲ ಎಂದು ವಿವರಿಸಿದೆ. ಅಜ್ಜಿ ಪೂರ್ತಿ ಒಪ್ಪಿದರೆಂದು ನನಗೆ ಅನಿಸಲಿಲ್ಲ. ವಿಜ್ಞಾನವೂ ಈ ವಿಷಯದಲ್ಲಿ ಪೂರ್ತಿ ಒಪ್ಪಿಕೊಂಡಿಲ್ಲ, ಅದು ಬೇರೆ ಮಾತು.

ಫಿಟ್ಸ್‌ಜೆರಾಲ್ಡ್ ಅವರ ತಂಡದಲ್ಲಿದ್ದ ರೆಬೆಕಾ ಸ್ಲೇಟರ್ ಮತ್ತು ಸಂಗಡಿಗರು 2006ರಲ್ಲಿ, ಹಿಮ್ಮಡಿ ಚುಚ್ಚಿದಾಗ ಮಗುವಿನ ಮಿದುಳಿನ ಹೊರಪದರದಲ್ಲಿ ರಕ್ತದ ಹರಿವು ಬದಲಾಗುವುದನ್ನು ಬೆಳಕಿನ ಸಹಾಯದಿಂದ ಹಿಡಿದು ತೋರಿಸಿದ್ದರು. ಅತಿ ಚಿಕ್ಕ ಮಗು, ಬಸಿರಿನಿಂದ ಎಣಿಸಿದರೆ, 25 ವಾರದ್ದು. 2010ರಲ್ಲಿ ಅವರೇ 59 ನವಜಾತ ಶಿಶುಗಳಲ್ಲಿ ಸಕ್ಕರೆ ದ್ರಾವಣವನ್ನೂ ಬರಿಯ ನೀರನ್ನೂ ಹೋಲಿಸಿದರು. ಸಕ್ಕರೆ ಪಡೆದ ಮಕ್ಕಳ ಮುಖ ಶಾಂತವಾಗಿತ್ತು, ಅಂಕವೂ ಕಡಿಮೆ ಬಂತು. ತಲೆಗೆ ಹಚ್ಚಿದ ವಿದ್ಯುದ್ವಾರಗಳಲ್ಲಿ ನೋವಿಗೆ ಸಂಬಂಧಿಸಿದ ಮಿದುಳಿನ ಅಲೆ ಮಾತ್ರ ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಇದನ್ನು ಓದಿ ನನಗೆ ಕಿರಿಕಿರಿಯಾಯಿತು. ಅಳು ಬೇಡ, ಮುಖ ನೋಡು ಎಂದು ಕಲಿತು ಮುಗಿಸಿದ್ದೆ. ಈಗ ಮುಖವನ್ನೂ ಪೂರ್ತಿ ನಂಬಬೇಡ ಎನ್ನುತ್ತಿದ್ದಾರೆ! ಈ ಫಲಿತಾಂಶದ ಮೇಲೆ ತಜ್ಞರಲ್ಲಿ ಚರ್ಚೆ ಬೇಕಾದಷ್ಟು ನಡೆದಿದೆ, ಸಿಹಿ ಕೊಡುವುದನ್ನು ಯಾರೂ ನಿಲ್ಲಿಸಿಲ್ಲ. ನಾನೂ ನಿಲ್ಲಿಸಿಲ್ಲ. ಆದರೆ "ಸಿಹಿ ಹಾಕಿದ್ದೇವಲ್ಲ, ಇನ್ನೊಂದು ಸಲ ಚುಚ್ಚಿ ನೋಡೋಣ" ಎಂಬ ಮಾತಿಗೆ ನಮ್ಮ ಘಟಕದಲ್ಲಿ ಈಗ ಜಾಗವಿಲ್ಲ.

ಚುಚ್ಚುವುದನ್ನೇ ಕಡಿಮೆ ಮಾಡಬೇಕು ಎಂಬ ತೀರ್ಮಾನಕ್ಕೆ ಬಂದದ್ದು ಹೀಗೆ, ಮತ್ತು ನಿಜವಾಗಿ ಕಷ್ಟವಾದದ್ದೂ ಅದೇ. ಬೆಳಿಗ್ಗೆ ಸಕ್ಕರೆಗೆ ಒಂದು, ಹತ್ತು ಗಂಟೆಗೆ ಕಾಮಾಲೆಗೆ ಒಂದು, ಮಧ್ಯಾಹ್ನ ಸುತ್ತು ಮುಗಿಸಿದ ವೈದ್ಯರಿಗೆ ನೆನಪಾದ ಇನ್ನೊಂದು ಪರೀಕ್ಷೆಗೆ ಮತ್ತೊಂದು. ಎಲ್ಲವನ್ನೂ ಒಟ್ಟಿಗೆ ಬರೆದುಕೊಡಿ, ಒಂದೇ ಸಲ ತೆಗೆಯುತ್ತೇನೆ ಎಂದರೆ ಪ್ರಯೋಗಾಲಯದವರಿಗೂ ಬೇಸರ, ಕಿರಿಯ ವೈದ್ಯರಿಗೂ ಬೇಸರ. ನೋವಿನ ಮಾತು ಯಾರಿಗೂ ನಾಟಲಿಲ್ಲ. ನಾಟಿದ್ದು ರಕ್ತದ ಲೆಕ್ಕ. ಒಂದು ಕಿಲೋ ತೂಕದ ಮಗುವಿನ ಮೈಯಲ್ಲಿ ಇರುವ ರಕ್ತವೇ ಸುಮಾರು 80–90 ಮಿಲಿಲೀಟರ್. ದಿನಕ್ಕೆ ಎಷ್ಟು ತೆಗೆಯುತ್ತಿದ್ದೇವೆ ಎಂದು ಒಂದೊಂದು ಮಗುವಿನ ಚಾರ್ಟಿನ ಕೆಳಗೆ ಕೂಡಿಸಿ ಬರೆಯತೊಡಗಿದೆ. ರಕ್ತಹೀನತೆ ಬಂದು ರಕ್ತ ಕೊಡಬೇಕಾದ ಮಗುವಿನ ಪಕ್ಕದಲ್ಲಿ ಆ ಮೊತ್ತ ಕಂಡ ಮೇಲೆ ಯಾರೂ ಹೆಚ್ಚು ವಾದಿಸಲಿಲ್ಲ. ಈಗ ಪರೀಕ್ಷೆಗಳು ಬೆಳಗಿನ ಸುತ್ತಿನಲ್ಲೇ ನಿರ್ಧಾರವಾಗುತ್ತವೆ. ಹೆಚ್ಚು ರಕ್ತ ಬೇಕಾದಾಗ ಹಿಮ್ಮಡಿಯನ್ನು ಹಿಂಡುವ ಬದಲು, ಕೈ ಪಳಗಿದವರು ರಕ್ತನಾಳದಿಂದಲೇ ತೆಗೆಯುತ್ತಾರೆ; ತಿಂಗಳು ತುಂಬಿದ ಮಕ್ಕಳಿಗೆ ಹಿಮ್ಮಡಿಗಿಂತ ಅದೇ ಕಡಿಮೆ ನೋವಿನದು ಎಂಬುದಕ್ಕೆ ಒಳ್ಳೆಯ ಆಧಾರವಿದೆ.

ತಾಯಂದಿರನ್ನು ಒಳಗೆ ಬಿಟ್ಟುಕೊಂಡದ್ದು ಇದಕ್ಕೆ ಸೇರಿಕೊಂಡಿತು. ಬರಿ ಎದೆಗೆ ಮಗುವನ್ನು ಒರಗಿಸಿಕೊಳ್ಳುವ ಕಾಂಗರೂ ಆರೈಕೆ ಕೊಲಂಬಿಯಾದ ಬೊಗೊಟದಲ್ಲಿ 1970ರ ದಶಕದ ಕೊನೆಯಲ್ಲಿ, ಇನ್‌ಕ್ಯುಬೇಟರ್‌ಗಳ ಕೊರತೆಯಿಂದ ಹುಟ್ಟಿದ್ದು. ಮಗುವನ್ನು ಬೆಚ್ಚಗಿಡುವುದಕ್ಕೆಂದು ನಾವದನ್ನು ಮೊದಲಿನಿಂದಲೂ ಮಾಡಿಸುತ್ತಿದ್ದೆವು. ಈಗ ಚುಚ್ಚುವ ಹೊತ್ತನ್ನೂ ಅದಕ್ಕೆ ಹೊಂದಿಸುತ್ತೇವೆ: ಮಗು ಎದೆಯ ಮೇಲಿರುವಾಗ, ಸಾಧ್ಯವಿದ್ದರೆ ಹಾಲು ಕುಡಿಯುತ್ತಿರುವಾಗ. "ನನ್ನ ಕಣ್ಣೆದುರು ಬೇಡ ಸಿಸ್ಟರ್" ಎಂದು ಕೆಲವು ತಾಯಂದಿರು ಮುಖ ತಿರುಗಿಸುತ್ತಾರೆ. ಬಲವಂತ ಮಾಡುವುದಿಲ್ಲ. ಬಹಳ ಮುಂಚೆ ಹುಟ್ಟಿದ ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಫಿಟ್ಸ್‌ಜೆರಾಲ್ಡ್ ಅವರ ತಂಡ 2011ರಲ್ಲಿ ಪ್ರಕಟಿಸಿದ ಪ್ರಕಾರ, ಸುಮಾರು 35 ವಾರಕ್ಕೆ ಮುಂಚೆ ಮುಟ್ಟಿದರೂ ಚುಚ್ಚಿದರೂ ಮಿದುಳಿನಲ್ಲಿ ಹೆಚ್ಚಾಗಿ ಒಂದೇ ಬಗೆಯ ಸಿಡಿತ ಏಳುತ್ತದೆ. 35ರಿಂದ 37 ವಾರದ ನಡುವೆ ಅವು ಬೇರೆ ಬೇರೆಯಾಗುತ್ತವೆ. ಹಾಗಾಗಿ ಚುಚ್ಚಿದ ಕೂಡಲೇ ಬಟ್ಟೆ ಬದಲಿಸುವುದು, ತೂಕ ನೋಡುವುದು, ಮೈ ಒರೆಸುವುದು ಎಂದು ಒಂದರ ಮೇಲೊಂದು ಮಾಡದೆ, ಮಗುವನ್ನು ಬಟ್ಟೆಯಲ್ಲಿ ಕೈಕಾಲು ಮಡಿಸಿ ಸುತ್ತಿ ಬಿಟ್ಟುಬಿಡುತ್ತೇವೆ.

ಬಿಡುಗಡೆಯ ದಿನ ಮನೆಯವರು ತಪ್ಪದೆ ಕೇಳುವುದು ಕಿವಿ ಚುಚ್ಚಿಸುವುದರ ಬಗ್ಗೆ. ನಾಮಕರಣಕ್ಕೇ ಆಚಾರಿಯನ್ನು ಕರೆಸುವ ಅವಸರ. ಶಾಸ್ತ್ರ ಬೇಡ ಎನ್ನುವ ಅಧಿಕಾರ ನನಗಿಲ್ಲ. ವಾರಗಟ್ಟಲೆ ಹಿಮ್ಮಡಿ ಕೊಟ್ಟ ಮಗು, ತೂಕ ಏರಿ ಮೊದಲ ಲಸಿಕೆಗಳಾದರೂ ಮುಗಿಯಲಿ, ಆಮೇಲೆ ವೈದ್ಯರನ್ನು ಕೇಳಿ ಮಾಡಿಸಿ ಎನ್ನುತ್ತೇನೆ. ಆರನೆಯ ವಾರದ ಲಸಿಕೆಗೆ ಹೋಗುವಾಗ ಏನು ಮಾಡಬೇಕು ಎಂಬುದನ್ನೂ ಆಗಲೇ ಹೇಳಿ ಕಳುಹಿಸುತ್ತೇನೆ. ಮಗುವನ್ನು ಮೇಜಿನ ಮೇಲೆ ಮಲಗಿಸಬೇಡಿ, ತೊಡೆಯ ಮೇಲೆ ಅವಚಿಕೊಂಡು ಕುಳಿತುಕೊಳ್ಳಿ. ಹಾಲು ಕುಡಿಸುತ್ತಲೇ ಹಾಕಿಸಿಕೊಳ್ಳಬಹುದು. ಬಾಯಿಗೆ ಹಾಕುವ ಹನಿ ಮೊದಲು, ಹೆಚ್ಚು ನೋಯುವ ಚುಚ್ಚುಮದ್ದು ಕೊನೆಗೆ ಇರಲಿ ಎಂದು ಅಲ್ಲಿನ ಸಿಸ್ಟರಿಗೆ ಕೇಳಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿರುವ ಕ್ರಮ ಇದು. ಕೇಳಲು ಸಂಕೋಚವಾದರೆ ಆಶಾ ಕಾರ್ಯಕರ್ತೆಯ ಕೈಯಲ್ಲಿ ಕೇಳಿಸಿ, ಅವರಿಗೆ ಸಂಕೋಚವಿಲ್ಲ.