ಕೂಸಿನ ಮೊದಲ ದೀಪಾವಳಿಗೆ ಒಂದೂವರೆ ಸಾವಿರದೊಳಗಿನ ಉಡುಗೊರೆ

ಬಾಗಲಕೋಟೆಯ ನಮ್ಮ ಕಡೆ, ಬಾಣಂತನ ಮುಗಿಸಿ ಗಂಡನ ಮನೆ ಸೇರಿದ ಮಗಳು ಕೂಸನ್ನು ಎತ್ತಿಕೊಂಡು ದೀಪಾವಳಿಗೆ ತವರಿಗೆ ಬಂದಾಗ ಅಜ್ಜಿ, ಸೋದರಮಾವ, ಕಾಕಾ, ಚಿಗವ್ವ ಎಲ್ಲರೂ ಏನಾದರೊಂದನ್ನು ಅದರ ಕೈಗೆ ಕೊಡುವ ರೂಢಿಯಿದೆ. ಒಬ್ಬರು ತರುವುದು ಇನ್ನೊಬ್ಬರಿಗೆ ತಿಳಿದಿರುವುದಿಲ್ಲವಾದ್ದರಿಂದ ಒಂದೇ ಅಳತೆಯ ನಾಲ್ಕು ಅಂಗಿಗಳು ಸೇರಿ, ಸಂಕ್ರಾಂತಿಯ ಹೊತ್ತಿಗೆ ನಾಲ್ಕೂ ಗಿಡ್ಡವಾಗಿರುತ್ತವೆ. ಆದ್ದರಿಂದ ಪೇಟೆಗೆ ಹೊರಡುವ ಮೊದಲು ಖರ್ಚಿನ ಮಿತಿಯನ್ನು ಗೊತ್ತುಮಾಡಿಕೊಂಡು, ಕೂಸಿನ ತಾಯಿಗೆ ಒಮ್ಮೆ ಫೋನು ಮಾಡುವುದು ಒಳ್ಳೆಯದು. ಕೂಸಿನ ತೂಕವೆಷ್ಟು, ಯಾವ ವಸ್ತು ಈಗಾಗಲೇ ಇದೆ, ಯಾವುದು ಕಡಿಮೆ ಬೀಳುತ್ತಿದೆ ಎಂಬ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಈ ಬರಹದಲ್ಲಿ ನಾನು ಹಿಡಿದಿರುವ ಮಿತಿ 1,500 ರೂಪಾಯಿ. ಅದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಬಟ್ಟೆಗೆ, ಉಳಿದುದನ್ನು ಒಂದು ಪಾತ್ರೆ ಮತ್ತು ಒಂದು ಆಟಿಗೆಗೆ ತೆಗೆದಿರಿಸಬಹುದು.

ಬಟ್ಟೆಯೆಂದರೆ ನನ್ನ ಮಟ್ಟಿಗೆ ಮೊದಲು ನೆನಪಾಗುವುದು ಕುಂಚಿಗೆ. ತಲೆಗೆ ಟೊಪ್ಪಿಗೆಯಂತೆ ಕುಳಿತು, ಹಿಂದೆ ಬೆನ್ನಿನ ಮೇಲೆ ಇಳಿಬೀಳುವ ಈ ಉಡುಪು ದೀಪಾವಳಿಯ ನಂತರ ಶುರುವಾಗುವ ಥಂಡಿಗಾಳಿಗೆ ಹೇಳಿ ಮಾಡಿಸಿದಂತಿರುತ್ತದೆ. ಸಿದ್ಧ ಕುಂಚಿಗೆಯನ್ನು ಕೊಳ್ಳುವ ಬದಲು ಕುಪ್ಪಸಕ್ಕೆಂದು ನೇಯುವ ಗುಳೇದಗುಡ್ಡದ ಒಂದು ಖಣವನ್ನು ಕೊಂಡು, ಪರಿಚಯದ ಸಿಂಪಿಗರಿಂದ ಹೊಲಿಸಿದರೆ ದುಡ್ಡು ಉಳಿಯುತ್ತದೆ. ನೇಕಾರರ ಊರು ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ಆಯ್ಕೆಗೂ ಕೊರತೆಯಿಲ್ಲ. ಅಪ್ಪಟ ರೇಷ್ಮೆಯ ಖಣ ತುಟ್ಟಿಯಾದ್ದರಿಂದ ಹತ್ತಿಯದನ್ನು ಕೇಳಿ ಪಡೆಯುವುದು ಲೇಸು, ಏಕೆಂದರೆ ಕೂಸಿನ ಬಟ್ಟೆಯನ್ನು ಮೇಲಿಂದ ಮೇಲೆ ಒಗೆಯಬೇಕಾಗುತ್ತದೆ. ಒಳಗೆ ಮೆತ್ತನೆಯ ಮಲ್ ಬಟ್ಟೆಯ ಅಸ್ತರವನ್ನು ಹಾಕಿಸಲು ಮರೆಯಬಾರದು. ಖಣದ ಹಿಂಬದಿಯಲ್ಲಿ ಸಡಿಲವಾಗಿರುವ ಎಳೆಗಳು ಮೈಗೆ ಚುಚ್ಚುವುದಷ್ಟೇ ಅಲ್ಲ, ಕೂಸಿನ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಡದಂತೆ ಬಿಗಿದುಬಿಡುತ್ತವೆ. ಮಣಿ, ಟಿಕಳಿ, ಸಣ್ಣ ಗೆಜ್ಜೆಗಳನ್ನು ಹಚ್ಚುವುದು ಬೇಡವೆಂದು ಸಿಂಪಿಗರಿಗೆ ಮೊದಲೇ ಹೇಳಬೇಕು. ಅವರು ಚೆಂದಕ್ಕಾಗಿ ಹಚ್ಚುತ್ತಾರೆ, ಕೂಸು ಅದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ. ಕೂಸನ್ನು ಮಲಗಿಸುವಾಗ ಕುಂಚಿಗೆಯನ್ನು ತೆಗೆಯಬೇಕೆಂಬುದನ್ನೂ ಕೊಡುವಾಗಲೇ ತಿಳಿಸಬಹುದು, ತಲೆ ಮುಚ್ಚಿ ನಿದ್ರಿಸಿದರೆ ಮೈ ಅತಿಯಾಗಿ ಕಾಯುತ್ತದೆ.

ಅಂಗಿ ಕೊಳ್ಳುವುದೇ ಆದರೆ ಈಗಿನ ಅಳತೆಗಿಂತ ಒಂದೆರಡು ಅಳತೆ ದೊಡ್ಡದನ್ನು ಆರಿಸಿ, ಅದು ಮೈಗೆ ಕೂಡುವ ಹೊತ್ತಿಗೆ ಯಾವ ಕಾಲವಿರುತ್ತದೆ ಎಂದು ಲೆಕ್ಕ ಹಾಕಬೇಕು. ದೀಪಾವಳಿಗೆ ಆರು ತಿಂಗಳಾಗಿರುವ ಕೂಸಿಗೆ ಒಂದು ವರ್ಷದ ಅಳತೆಯ ಉಣ್ಣೆಯ ಸ್ವೆಟರು ಕೊಟ್ಟರೆ, ಅದು ಕೂಡುವಷ್ಟರಲ್ಲಿ ಬಾಗಲಕೋಟೆ, ವಿಜಯಪುರಗಳ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಆ ಅಳತೆಯಲ್ಲಿ ತೋಳಿಲ್ಲದ ತೆಳ್ಳನೆಯ ಹತ್ತಿ ಅಂಗಿಯೇ ಸರಿ.

ಕೈಯಲ್ಲಿ ದುಡ್ಡು ಇನ್ನೂ ಕಡಿಮೆಯಿದ್ದರೆ ಹಳೆಯ ಬಟ್ಟೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಕೌದಿಗೆ ಸಮನಾದ ಉಡುಗೊರೆಯಿಲ್ಲ. ಅಜ್ಜಿಯ ಹಳೆಯ ಇಳಕಲ್ ಸೀರೆ, ಅಜ್ಜನ ಸವೆದ ಧೋತರಗಳನ್ನು ಒಗೆದು, ಬಿಸಿಲಿಗೆ ಒಣಗಿಸಿ, ಕೌದಿ ಹೊಲಿಯುವ ಹೆಣ್ಣುಮಕ್ಕಳಿಗೆ ಕೊಟ್ಟರೆ ಹೊಲಿಗೆಯ ಕೂಲಿಯಷ್ಟೇ ಖರ್ಚು. ನೂರಾರು ಸಲ ನೀರು ಕಂಡ ಆ ಬಟ್ಟೆಯ ಮೆತ್ತಗಿನ ಗುಣ ಯಾವ ಹೊಸ ಬಟ್ಟೆಗೂ ಬರುವುದಿಲ್ಲ. ಕೈಹೊಲಿಗೆಗೆ ದಿನಗಳು ಹಿಡಿಯುವುದರಿಂದ ದಸರೆಗೆ ಮೊದಲೇ ಹೇಳಿಡಬೇಕು. ಹಬ್ಬದ ವಾರದಲ್ಲಿ ಕೇಳಿದರೆ ಯಾರೂ ಒಪ್ಪುವುದಿಲ್ಲ. ಕೌದಿ ಕೈಗೆ ಬಂದ ಮೇಲೆ ಮುರಿದ ಸೂಜಿಯೇನಾದರೂ ಉಳಿದಿದೆಯೇ ಎಂದು ಒಂದು ಅಯಸ್ಕಾಂತವನ್ನು ಅದರ ಮೇಲೆಲ್ಲ ಆಡಿಸಿ ನೋಡುವುದು ಕ್ಷೇಮ. ವರ್ಷ ತುಂಬದ ಕೂಸಿಗೆ ಕೌದಿಯನ್ನು ಕೆಳಗೆ ಹಾಸಲು ಬಳಸಬೇಕೇ ಹೊರತು ಮೇಲೆ ಹೊದಿಸಿ ಮಲಗಿಸಬಾರದು, ಅದು ಮುಖದ ಮೇಲೆ ಸರಿದರೆ ಉಸಿರು ಕಟ್ಟುತ್ತದೆ.

ಆರು ತಿಂಗಳು ತುಂಬಿ ಗಂಜಿ, ಮೆತ್ತನ್ನ ತಿನ್ನಲು ಆರಂಭಿಸುವ ಕೂಸಿಗೆ ಸ್ಟೀಲಿನ ಒಂದು ಪುಟ್ಟ ಬಟ್ಟಲು ಮತ್ತು ಅಂಚು ಚೂಪಾಗಿಲ್ಲದ ಚಮಚ ಸಾಕು. ಪಾತ್ರೆಯಂಗಡಿಯಲ್ಲೇ ಕೂಸಿನ ಹೆಸರು ಮತ್ತು ಹಬ್ಬದ ವರ್ಷವನ್ನು ಅದರ ಮೇಲೆ ಕೊರೆಸಿದರೆ ಇನ್ನೂ ಚೆಂದ. ಹಾಲಿನ ಬಾಟಲಿಯ ಸೆಟ್ಟನ್ನು ಮಾತ್ರ ಉಡುಗೊರೆಯಾಗಿ ಆರಿಸಬಾರದು. ಎದೆಹಾಲಿಗೆ ಕುತ್ತು ಬರುತ್ತದೆಂಬ ಕಾರಣಕ್ಕೇ 1992ರ ಕೇಂದ್ರ ಕಾಯ್ದೆಯು ಹಾಲಿನ ಬಾಟಲಿಗಳ ಜಾಹೀರಾತನ್ನು ನಿಷೇಧಿಸಿದೆ.

ಬೆಳ್ಳಿಯ ಕಡಗ, ಉಡದಾರಗಳು ಈ ಮಿತಿಯಲ್ಲಿ ಒಬ್ಬರಿಗೆ ನಿಲುಕುವುದು ಕಷ್ಟ. ಅಣ್ಣತಮ್ಮಂದಿರು ಮೂರ್ನಾಲ್ಕು ಮಂದಿ ದುಡ್ಡು ಕೂಡಿಸಿ ಒಂದೇ ಜೊತೆ ಕಡಗವನ್ನು ಮಾಡಿಸಬಹುದು. ಸರಾಫರ ಅಂಗಡಿಯಲ್ಲಿ ತೂಕ, ಆ ದಿನದ ದರ, ಮಜೂರಿ ಮೂರನ್ನೂ ಬೇರೆಬೇರೆಯಾಗಿ ಬರೆದ ಪಾವತಿಯನ್ನು ಕೇಳಿ ಪಡೆಯಬೇಕು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಯ ಹಾಲ್‌ಮಾರ್ಕಿಗೂ ಆರು ಅಂಕಿ-ಅಕ್ಷರಗಳ ಗುರುತಿನ ಸಂಖ್ಯೆ ಐಚ್ಛಿಕವಾಗಿ ಜಾರಿಗೆ ಬಂದಿದ್ದು, ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹೊಡೆದು ಶುದ್ಧತೆಯನ್ನು ತಾಳೆ ನೋಡಬಹುದು.

ಆಟಿಗೆಯ ವಿಷಯದಲ್ಲಿ ನಾನೊಮ್ಮೆ ಮೋಸಹೋಗಿದ್ದೇನೆ. ಹಬ್ಬದ ಗದ್ದಲದಲ್ಲಿ ದೀಪ ಮಿನುಗಿಸುತ್ತ ಹಾಡುವ ಪ್ಲಾಸ್ಟಿಕ್ ಕಾರೊಂದನ್ನು ಅವಸರದಿಂದ ಕೊಂಡೊಯ್ದಿದ್ದೆ. ಕೂಸು ಅದರ ಸದ್ದಿಗೆ ಬೆಚ್ಚಿ ಅತ್ತಿತು, ಎರಡನೆಯ ದಿನ ಬ್ಯಾಟರಿಯ ಮುಚ್ಚಳ ತಾನಾಗಿ ಕಳಚಿತು. ಒಳಗಿದ್ದುದು ಗುಂಡಿಯಾಕಾರದ ಬ್ಯಾಟರಿ. ಅದನ್ನು ನುಂಗಿದರೆ ಎರಡು ತಾಸಿನೊಳಗೇ ಅನ್ನನಾಳ ಸುಡಬಹುದೆಂದು ಆಮೇಲೆ ತಿಳಿದು ಮೈ ನಡುಗಿತು. ಆದ್ದರಿಂದ ವರ್ಷದೊಳಗಿನ ಕೂಸಿಗೆ ಬ್ಯಾಟರಿಯ ಆಟಿಗೆಯನ್ನು ಪೂರ್ತಿ ಕೈಬಿಡಬೇಕೆಂದೇ ನನ್ನ ಅಭಿಪ್ರಾಯ. 2021ರ ಜನವರಿ 1ರಿಂದ ಆಟಿಗೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದ್ದು, ನೋಂದಾಯಿತ ಕರಕುಶಲಕರ್ಮಿಗಳ ಕೈಕೆಲಸಕ್ಕೆ ವಿನಾಯಿತಿಯಿದೆ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಅದಕ್ಕಿಂತ ತುಸು ದೊಡ್ಡ ಅಳತೆಯವರೆಗಿನ, ಅಂದರೆ ಸುಮಾರು 32 ಮಿಲಿಮೀಟರಿನೊಳಗಿನ ಯಾವ ತುಣುಕೂ ಗಂಟಲಿಗೆ ಸಿಕ್ಕಿಕೊಳ್ಳಬಹುದು ಎಂದು ತಿಳಿದು, ಆಟಿಗೆಯ ಪ್ರತಿ ಭಾಗವನ್ನೂ ಎಳೆದು, ತಿರುವಿ ನೋಡಬೇಕು. ಗೋಕಾಕದ ಬಣ್ಣದ ಹಣ್ಣು, ಗೊಂಬೆಗಳು ನೋಡಲು ಎಷ್ಟೇ ಚೆಂದವಿದ್ದರೂ ಎಲ್ಲವನ್ನೂ ಬಾಯಿಗಿಡುವ ವಯಸ್ಸಿನಲ್ಲಿ ಅವು ಗೋಡೆಯ ಮಾಡದಲ್ಲಿರಲಿ. ಈಗ ಅರಗು ಮೆತ್ತಿದ ಚನ್ನಪಟ್ಟಣದ ನುಣುಪಾದ ಗಿಲಕಿಯೊಂದನ್ನು ಕೊಟ್ಟರಾಯಿತು. ಗಾಲಿಯ ವಾಕರ್ ಬೇಡ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಹೊಸ್ತಿಲು, ಮೆಟ್ಟಿಲುಗಳಿರುವ ನಮ್ಮ ಮನೆಗಳಲ್ಲಿ ಅಪಾಯವೇ ಹೆಚ್ಚು.

ಹೆಣ್ಣುಕೂಸಾಗಿದ್ದರೆ ಇನ್ನೊಂದು ದಾರಿಯಿದೆ. ಅಂಚೆ ಕಚೇರಿಯಲ್ಲಿ ಹೆಣ್ಣುಮಕ್ಕಳ ಹೆಸರಿನ ಉಳಿತಾಯ ಖಾತೆಯಾದ ಸುಕನ್ಯಾ ಸಮೃದ್ಧಿ ಖಾತೆಯನ್ನು 250 ರೂಪಾಯಿಯಿಂದ ತೆರೆಯಬಹುದು. ಖಾತೆಯನ್ನು ತಂದೆತಾಯಿಯೇ ಅಥವಾ ಕಾನೂನುಬದ್ಧ ಪೋಷಕರೇ ತೆರೆಯಬೇಕಾದ್ದರಿಂದ, ಜನನ ಪ್ರಮಾಣಪತ್ರದ ಪ್ರತಿಯನ್ನು ಸಿದ್ಧವಿಡಲು ಅವರಿಗೆ ಹೇಳಿ, ಮೊದಲ ಕಂತಿನ ದುಡ್ಡನ್ನು ನೀವು ಕೊಡಬಹುದು.

ಕೊನೆಗೆ ಕಟ್ಟುವ ಕೆಲಸ. ಹೊಳೆಯುವ ಪ್ಲಾಸ್ಟಿಕ್ ಹಾಳೆಯ ಬದಲು ಕುಂಚಿಗೆ ಹೊಲಿದು ಉಳಿದ ಖಣದ ತುಂಡಿನಲ್ಲೋ ಹೊಸ ಟವೆಲಿನಲ್ಲೋ ಸುತ್ತಿದರೆ ಹೊದಿಕೆಯೂ ಬಳಕೆಗೆ ಬರುತ್ತದೆ. ಅಂಗಿಯೊಳಗಿನ ಗುಂಡುಪಿನ್ನು, ಕಾಲರಿನ ರಟ್ಟು, ಚೀಟಿಗಳನ್ನೆಲ್ಲ ತೆಗೆದು, ಒಗೆಯದೆ ತೊಡಿಸಬೇಡವೆಂದು ತಾಯಿಗೆ ಹೇಳಿ, ಅಂಗಡಿಯ ಬಿಲ್ಲನ್ನು ಅವಳ ಕೈಗೇ ಕೊಡಬೇಕು. ಅಳತೆ ಕೂಡದಿದ್ದರೆ ಹಬ್ಬ ಮುಗಿದ ಮೇಲೆ ಬದಲಿಸಿಕೊಳ್ಳಲು ಅದು ಬೇಕಾಗುತ್ತದೆ.